ಕಾಲಂ ಹನ್ನೊಂದು

‘ಬೋಧನೆಯಲ್ಲಿ ತಂತ್ರಜ್ಞಾನ: ನಿಮ್ಮ ತಾತ್ವಿಕ ನಿಲುವೇನು?’
ಕೊಟ್ಟ ಜಾಗ ಎರಡು ಗೆರೆ.
ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದೇನೆ
ಬಂದರಿನಿಂದ ಬೆಂಗ್ರೆಗೆ ದಾಟುವ ಫೆರಿಯಲ್ಲಿ,
ಮಡಿಲಲ್ಲಿ ಪ್ರೊಜೆಕ್ಟರು,
ಬೈರಾಸಿನಲ್ಲಿ ಸುತ್ತಿದ ಹಸುಗೂಸಿನ ಹಾಗೆ.

ಶಾಲೆಯಲ್ಲೇ ಬಿಟ್ಟರೆ ಉಪ್ಪುಗಾಳಿ ಅದರ ಹಲ್ಲು ತಿನ್ನುತ್ತದೆ.
ಮೊದಲ ವರ್ಷ ಒಂದು ಕಂಪ್ಯೂಟರು ಹಾಗೇ ಹೋಯಿತು.
ಇನ್ನೊಂದರಲ್ಲಿ ‘ಳ’ ಒತ್ತಿದರೆ ಏಳುತ್ತಿರಲಿಲ್ಲ;
ಆ ವರ್ಷದ ನೋಟೀಸುಗಳಲ್ಲೆಲ್ಲ
ನಮ್ಮ ಮಕ್ಕಳು ‘ಮಕ್ಕಲು’.

ಫೆರಿಯ ಹೆಂಗಸರು ಕೇಳುತ್ತಾರೆ:
‘ಟೀಚರೇ, ಅದರಲ್ಲಿ ಎಲ್ಲ ಉಂಟಂತಲ್ಲ,
ಇನ್ನು ನಿಮಗೆಂಥ ಕೆಲಸ?’
ಬುಟ್ಟಿಯಲ್ಲಿ ಬೂತಾಯಿ, ನಗೆಯಲ್ಲೂ ಸಣ್ಣ ಮುಳ್ಳು.
ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಆರನೇ ತರಗತಿ, ಉಬ್ಬರವಿಳಿತದ ಪಾಠ.
ಗೋಡೆಯ ಮೇಲೆ ಚಂದ್ರ ಸುತ್ತಿದ,
ನೀಲಿ ಸಮುದ್ರ ಎರಡೂ ಕಡೆ ಉಬ್ಬಿತು,
ಸರಿಸಮ, ಒಂದೇ ಅಟ್ಟದ ಇಡ್ಲಿಗಳ ಹಾಗೆ.
ಚಪ್ಪಾಳೆ.
ಹಿಂದಿನ ಬೆಂಚಿನ ಸಫೀರಾ ಮಾತ್ರ
ಅಲ್ಲವೆಂದು ತಲೆಯಾಡಿಸಿದಳು.
ಜೂನಿನಿಂದ ಬಾಯಿ ತೆರೆಯದ ಹುಡುಗಿ.
ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು,
ಕನ್ನಡ ಎಂದರೆ ಅವಳಿಗೆ ಹಾಜರಿ ಪುಸ್ತಕ.

‘ಎರಡು ಭರತವೂ ಒಂದೇ ಅಲ್ಲ ಟೀಚರ್.
ಒಂದು ದೊಡ್ಡದು. ಒಂದು ಚಿಕ್ಕದು.’

ನನ್ನೊಳಗಿನ ಬಿ.ಎಡ್. ಪದವಿ ಒಂದು ಕ್ಷಣ ಕೆಮ್ಮಿತು.

ಚಂದ್ರನನ್ನು ನಿಲ್ಲಿಸಿದೆ (ಅದಕ್ಕೊಂದು ಬಟನ್ ಇದೆ).
ಮೂವತ್ತೊಂದು ಮಕ್ಕಳು ಜೆಟ್ಟಿಗೆ.
ದೋಣಿಗೆ ಬಳಿದು ಉಳಿದ ಹಸಿರು ಪೇಂಟಿನಲ್ಲಿ
ಕಂಬಕ್ಕೆ ಗೇಣಿಗೊಂದು ಗೆರೆ ತೊಡಿಸಿದರು, ಬಳೆಯಂತೆ.
ಹದಿನೈದು ದಿನ ಪಾಳಿಯಲ್ಲಿ ಅಳೆದರು.
ರಾತ್ರಿಯ ನೀರನ್ನು ಸಫೀರಾಳ ಅಪ್ಪ, ಫೆರಿಯವರು,
ಟಾರ್ಚು ಬಿಟ್ಟು ಫೋಟೋ ಹಿಡಿದು ಕಳಿಸಿದರು.
ಹೇಮಂತ ಪುತ್ರನ್ ಟ್ಯಾಬಿನಲ್ಲಿ ಅಂಕಿ ತುಂಬಿದ.
ಗೆರೆ ಎದ್ದಿತು: ಒಂದು ಗುಡ್ಡ, ಒಂದು ದಿಬ್ಬ,
ಒಂದು ಗುಡ್ಡ, ಒಂದು ದಿಬ್ಬ,
ಒಂದು ಕಾಲು ಗಿಡ್ಡವಾದವರ ನಡಿಗೆ
ನಮ್ಮ ಕಡಲಿಗೆ.

ಯಂತ್ರ ಸುಳ್ಳು ಹೇಳಿರಲಿಲ್ಲ.
ಅದು ಬೆಂಗ್ರೆಗೆ ಬಂದಿರಲಿಲ್ಲ, ಅಷ್ಟೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಗೆದ್ದ ಹಾಗೆ ಕಾಣುತ್ತದೆ.
ಆದ್ದರಿಂದ ಇದನ್ನೂ ಬರೆಯಬೇಕು:
ಆ ಹುಡುಗಿ ಓದಲು ಕಲಿತದ್ದು ನನ್ನಿಂದಲ್ಲ.
ಬಿಸಿಯೂಟದ ಅಕ್ಕಿಮೂಟೆಗಳ ಹಿಂದೆ
ಟ್ಯಾಬು ಹಿಡಿದು ಕೂತು,
ತನ್ನ ದನಿ ತಾನೇ ರೆಕಾರ್ಡು ಮಾಡಿ,
ಕೇಳಿ, ಅಳಿಸಿ, ಮತ್ತೆ ಓದಿ, ಮತ್ತೆ ಅಳಿಸಿ.
ಒತ್ತಕ್ಷರ ಜಾರಿದರೆ ಯಾರೂ ನಗದ ಜಾಗ ಅದು.
ನನಗೂ ಸಹನೆ ಇದೆ, ಗಂಟೆ ಹೊಡೆಯುವವರೆಗೆ.
ಅದಕ್ಕೆ ಚಾರ್ಜು ಮುಗಿಯುವವರೆಗೆ.
ಮತ್ತೆ, ನನ್ನ ಮುಖ
ನಾನು ಬಾಯಿ ತೆರೆಯುವ ಮೊದಲೇ ಅಂಕ ಕೊಟ್ಟುಬಿಡುತ್ತದೆ.
ಇಪ್ಪತ್ತೆರಡು ವರ್ಷವಾಯಿತು, ತಿದ್ದಲಾಗಿಲ್ಲ.
ಟ್ಯಾಬಿಗೆ ಮುಖವಿಲ್ಲ. ದೊಡ್ಡ ಪುಣ್ಯ.

ನಿನ್ನೆ ಊಟದ ಹೊತ್ತಿಗೆ ಬಂದಳು.
ಒಂದು ಪುಟ, ಪೂರ್ತಿ, ತಡೆಯಿಲ್ಲದೆ.
ಟ್ಯಾಬನ್ನು ನನ್ನ ಕಿವಿಗೆ ಹಿಡಿದಳು.
ನಾನು ಅವಳ ದನಿ ಕೇಳುತ್ತಿದ್ದಷ್ಟು ಹೊತ್ತೂ
ಅವಳು ನೋಡುತ್ತಿದ್ದದ್ದು
ನನ್ನ ಮುಖವನ್ನೇ.

ಇದನ್ನು ಎರಡು ಗೆರೆಗೆ ಹೇಗೆ ಇಳಿಸಲಿ?

ಫೆರಿ ತಾಗಿತು. ಹಗ್ಗ ಎಸೆದರು.
‘ಬಳಸುತ್ತೇವೆ’ ಎಂದಷ್ಟೇ ಬರೆದು ಮಡಚಿದೆ.
ಕಂಬದಲ್ಲಿ ನೀರು ಏಳನೇ ಬಳೆಗೆ ಬಂದು ನಿಂತಿದೆ,
ಇವತ್ತಿನ ಚಿಕ್ಕ ಭರತ.
ಮೇಲೆ ಕಲ್ಲಿನ ಮೇಲೆ ಯಾರೋ ಆಗಲೇ
ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾರೆ:
ಬೆಳಿಗ್ಗೆ ಎಂಟೂ ನಲವತ್ತು.
‘ಳ’ ದುಂಡಗಿದೆ.